ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸಬೇಕು ಅಂತಿದ್ದೇವೆ. ಮಕ್ಕಳಿಗೆ ನಿಜವಾಗಿ ಉಪಯೋಗ ಇದೆಯಾ?

ಕಿತ್ತಳೆಸೀಮೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿ ತಾಲೂಕಿನ ಒಂದು ಮೂಲೆ ಊರು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ. ನಾವು ಓದುವಾಗ ಬೆಂಚಿನಲ್ಲಿ ಜಾಗಕ್ಕೆ ಜಗಳ ಆಗುತ್ತಿತ್ತು. ಈಗ ಎಲ್ಲ ತರಗತಿ ಸೇರಿಸಿದರೂ ನಲವತ್ತು ಮಕ್ಕಳಿಲ್ಲ. ಅದರಲ್ಲೂ ಅರ್ಧದಷ್ಟು ಮಕ್ಕಳು ತೋಟದ ಕೂಲಿ ಕಾರ್ಮಿಕರ ಲೈನ್ ಮನೆಗಳಿಂದ ಬರುವವರು.

ಹಳೆ ವಿದ್ಯಾರ್ಥಿಗಳ ಸಂಘದಲ್ಲಿ ಸುಮಾರು ಒಂದೂವರೆ ಲಕ್ಷ ಕೂಡಿದೆ. ಸ್ಮಾರ್ಟ್ ಬೋರ್ಡ್ ಹಾಕಿಸೋಣ, ಪೇಟೆಯ ಖಾಸಗಿ ಶಾಲೆಯಲ್ಲಿ ಇದೆ, ನಮ್ಮಲ್ಲಿ ಯಾಕೆ ಇರಬಾರದು ಅಂತ ಹೆಚ್ಚಿನವರ ಮಾತು. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ನನ್ನ ಮಗಳು ಏಳನೇ ಕ್ಲಾಸು, ಅಂಥದೇ ಒಂದು ಖಾಸಗಿ ಶಾಲೆ. ಸಂಜೆ ಬಂದಾಗ "ಏನು ಪಾಠ ಆಯ್ತು" ಅಂತ ಕೇಳಿದರೆ "ವಿಡಿಯೋ ಹಾಕಿದ್ರು" ಅನ್ನುತ್ತಾಳೆ. ಯಾವುದರ ಬಗ್ಗೆ ಅಂದರೆ ನನ್ನ ಮುಖ ನೋಡುತ್ತಾಳೆ. ಅದೇ ಹುಡುಗಿ ಕೈಗೆ ಫೋನ್ ಸಿಕ್ಕರೆ ಊಟಕ್ಕೂ ಏಳುವುದಿಲ್ಲ.

ಈ ಕಾಲದ ಮಕ್ಕಳಿಗೆ ಪಾಠದಲ್ಲಿ ಮನಸ್ಸು ನಿಲ್ಲಬೇಕಾದರೆ ಏನು ಮಾಡಬೇಕು? ಈ ದುಡ್ಡನ್ನು ಎಲ್ಲಿ ಹಾಕಿದರೆ ಸರಿ? ಟೀಚರ್‌ಗಳು ಇದ್ದರೆ ದಯವಿಟ್ಟು ಬರೆಯಿರಿ.

ಕೋಡ್_ಕುಶಾಲನಗರ:
ಬೋರ್ಡ್ ಹಾಕಿಸಿ ಅಣ್ಣ, ಯೋಚನೆ ಬೇಡ. ನಾನು ಓದಿದ್ದು ಇಂಥದೇ ಶಾಲೆಯಲ್ಲಿ, ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್. ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಪಿಯುಸಿಯಲ್ಲಿ. ಆ ಹಿಂದೆ ಬಿದ್ದದ್ದನ್ನು ತುಂಬಿಕೊಳ್ಳಲು ಎಷ್ಟು ಒದ್ದಾಡಿದ್ದೇನೆ ಅಂತ ನನಗೇ ಗೊತ್ತು. ಹಳ್ಳಿ ಮಕ್ಕಳಿಗೆ ಮಣ್ಣು, ಮರ, ಹಕ್ಕಿ ಸಾಕು ಅನ್ನುವವರ ಮಕ್ಕಳೆಲ್ಲ ಮೈಸೂರು, ಬೆಂಗಳೂರಲ್ಲಿ ಕೋಡಿಂಗ್ ಕಲಿಯುತ್ತಾ ಇರುತ್ತಾರೆ.

ತೋಟದಮನೆ_1952:
ಮಳೆಗಾಲದಲ್ಲಿ ಕರೆಂಟ್ ಎಲ್ಲಿಂದ ತರುತ್ತೀರಿ?

ಹಾಕಿಸ್ಟಿಕ್:
😂😂 ಜೂನ್‌ನಲ್ಲಿ ಹೋದ ಕರೆಂಟು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಬರುತ್ತೆ

ಗಣಿತ_ಟೀಚರ್_ಸೋಮವಾರಪೇಟೆ:
ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವವಳು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಶಾಲೆಗೂ ದಾನಿಗಳು ಪ್ರೊಜೆಕ್ಟರ್ ಕೊಟ್ಟಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಲೆನ್ಸಿನ ಒಳಗೆ ಬೂಷ್ಟು. ಗೋಡೆ ಮೇಲೆ ಏನು ಹಾಕಿದರೂ ಮಂಜಿನಲ್ಲಿ ನೋಡಿದ ಹಾಗೆ. ನಮ್ಮ ಅಟೆಂಡರ್ ಅಣ್ಣ ಬೀರುವಿನ ಒಳಗೆ ಹಳೆ ಕಾಲದ ಗುಂಡು ಬಲ್ಬ್ ಒಂದನ್ನು ಉರಿಸಿಟ್ಟು ಅದರ ಪಕ್ಕ ಪ್ರೊಜೆಕ್ಟರ್ ಇಡಲು ಶುರು ಮಾಡಿದ ಮೇಲೆ ಎರಡನೆಯದು ಉಳಿದುಕೊಂಡಿದೆ. ಏಪ್ರಿಲ್, ಮೇ ಗುಡುಗಿಗೆ ಪ್ಲಗ್ ಕಿತ್ತಿಡದಿದ್ದರೆ ಅದೂ ಇಲ್ಲ. ಕೊಡಗಿನಲ್ಲಿ ಯಾವ ಸಾಮಾನು ಕೊಡಿಸುವಾಗಲೂ ಇನ್ವರ್ಟರ್, ಒಣಗಿದ ಬೀರು, ಸರ್ವಿಸ್ ಮಾಡುವವನ ಫೋನ್ ನಂಬರ್, ಈ ಮೂರೂ ಸೇರಿಸಿ ಲೆಕ್ಕ ಹಾಕಿ.

ಅದಕ್ಕಿಂತ ದೊಡ್ಡ ವಿಷಯ ಬೇರೆ. ವಿಡಿಯೋ ಹಾಕಿದಾಗ ಮೊದಲ ಐದು ನಿಮಿಷ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆಮೇಲೆ ಹಿಂದಿನ ಬೆಂಚಿನಿಂದ ಗುಸುಗುಸು ಶುರು. ನೋಡುವುದು ಬಿಟ್ಟು ಅವರಿಗೆ ಅಲ್ಲಿ ಬೇರೆ ಕೆಲಸವೇ ಇರುವುದಿಲ್ಲ. ಕೈಗೆ ಕೆಲಸ ಕೊಟ್ಟರೆ ಮಾತ್ರ ಮನಸ್ಸು ನಿಲ್ಲುತ್ತದೆ, ಅದು ಕಂಪ್ಯೂಟರ್ ಆಗಲಿ, ಬಕೆಟ್ ಆಗಲಿ.

ಸಿದ್ದಾಪುರದ_ಅಮ್ಮ:
ಟೀಚರ್ ಹೇಳಿದ್ದು ನಿಜ. ಆದರೆ ಫೋನಿನ ಕಥೆ ಹೇಳಿ ಯಾರಾದರೂ. ಕೊರೊನಾದಲ್ಲಿ "ಮಗುವಿಗೆ ಫೋನ್ ಕೊಡಿಸಿ, ಆನ್‌ಲೈನ್ ಕ್ಲಾಸ್" ಅಂತ ಶಾಲೆಯವರೇ ಹೇಳಿದ್ದು. ಸಾಲ ಮಾಡಿ ಕೊಡಿಸಿದೆವು. ಈಗ ಅವರೇ ಪೋಷಕರ ಸಭೆಯಲ್ಲಿ "ಫೋನ್ ಕಿತ್ತುಕೊಳ್ಳಿ" ಅನ್ನುತ್ತಾರೆ. ಕಿತ್ತುಕೊಳ್ಳಲು ಹೋದರೆ ಮನೆಯಲ್ಲಿ ಯುದ್ಧ. ನಮ್ಮ ಕಡೆ ಆನೆ ಕಾಟ, ಸಂಜೆ ಹೊರಗೆ ಆಟಕ್ಕೆ ಬಿಡುವ ಹಾಗಿಲ್ಲ. ಮನೆಯೊಳಗೆ ಕೂತ ಮಗು ಮತ್ತೇನು ಮಾಡಬೇಕು ಹೇಳಿ?

ನಿವೃತ್ತ_ಹೆಡ್‌ಮಾಸ್ಟರ್:
ಕೊರೊನಾ ಕಾಲವನ್ನು ಬರೀ ಫೋನ್ ಅಂತ ನೆನಪಿಟ್ಟುಕೊಂಡರೆ ಅನ್ಯಾಯ. 2020ರ ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ ಶುರುವಾಗಿ ಮೇಷ್ಟ್ರುಗಳು ಊರೂರಿಗೆ ಹೋಗಿ ಜಗಲಿ, ದೇವಸ್ಥಾನದ ಕಟ್ಟೆ, ಮರದ ಕೆಳಗೆ ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು. ಚಂದನ ಟಿವಿಯಲ್ಲಿ ಸಂವೇದ ಪಾಠ ಬರುತ್ತಿತ್ತು. ನಮ್ಮ ಜಿಲ್ಲೆಯಲ್ಲೇ ಶನಿವಾರಸಂತೆ ಕಡೆ ಮೇಷ್ಟ್ರೊಬ್ಬರು ನೆಟ್‌ವರ್ಕ್ ಸಿಗಲಿ ಅಂತ ಮರದ ಮೇಲೆ ಬಿದಿರಿನ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ್ದು ಪೇಪರಿನಲ್ಲೆಲ್ಲ ಬಂತು. ಆದಿವಾಸಿ ಹಾಡಿಯ ಮಕ್ಕಳಿಗೆ, ಲೈನ್ ಮನೆ ಮಕ್ಕಳಿಗೆ ಆಗ ಮುಟ್ಟಿದ್ದು ನಡೆದುಕೊಂಡು ಹೋದ ಮೇಷ್ಟ್ರು. ಆ್ಯಪ್ ಮುಟ್ಟಲಿಲ್ಲ.

ಕೋಡ್_ಕುಶಾಲನಗರ:
ಸರ್, ಆ ಮೇಷ್ಟ್ರು ಅಟ್ಟಣಿಗೆ ಹತ್ತಿದ್ದೇ ನೆಟ್‌ವರ್ಕ್‌ಗೆ ಅಲ್ವಾ? ಅಂದರೆ ತಂತ್ರಜ್ಞಾನ ಬೇಕಿತ್ತು ಅಂತಾಯಿತು 🙂

ಹಳ್ಳಿ ಮಕ್ಕಳ ಕಲಿಕೆಯ ಸಮೀಕ್ಷೆ ಇದೆಯಲ್ಲ, ಅಸರ್, ಅದರ 2024ರ ವರದಿ ನೋಡಿ. ದೇಶದ ಹಳ್ಳಿಗಳಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ನಾವು ಕೊಟ್ಟರೂ ಬಿಟ್ಟರೂ ಅವರ ಕೈಯಲ್ಲಿ ಅದು ಇದೆ.

ಗಣಿತ_ಟೀಚರ್_ಸೋಮವಾರಪೇಟೆ:
ಅದೇ ವರದಿಯ ಮುಂದಿನ ಸಾಲನ್ನೂ ಹೇಳಿ. ಹಾಗೆ ಬಳಸಲು ಬರುವ ಮಕ್ಕಳಲ್ಲಿ ಹಿಂದಿನ ವಾರ ಓದಿಗೆ ಸಂಬಂಧಪಟ್ಟ ಏನಾದರೂ ಮಾಡಿದವರು ಶೇ. 57, ಸೋಶಿಯಲ್ ಮೀಡಿಯಾ ನೋಡಿದವರು ಶೇ. 76. ಬಳಸಲು ಬರುವುದೂ ಕಲಿಯುವುದೂ ಒಂದೇ ಅಲ್ಲ.

ಹಾಕಿಸ್ಟಿಕ್:
ನಾನು ಸೆಕೆಂಡ್ ಪಿಯು. ಒಂದು ಮಾತು ಹೇಳಲಾ? ನಾವು ರೀಲ್ಸ್ ನೋಡುವುದು ಕ್ಲಾಸ್ ಬೋರ್ ಅಂತ. ಕ್ಲಾಸ್ ಬೋರ್ ಆಗುವುದು ಯಾಕೆ ಅಂದರೆ ಟೀಚರ್ ಪ್ರಶ್ನೆ ಕೇಳುವಾಗ ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತೆ. ನಮ್ಮ ಹತ್ತಿರ ಕೇಳುವುದು ಸುಮ್ನೆ. ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಶಾಲೆಯಲ್ಲಿ ಒಂದು ಸಲವೂ ಕೇಳಿಲ್ಲ ನನಗೆ.

ನಿವೃತ್ತ_ಹೆಡ್‌ಮಾಸ್ಟರ್:
ಈ ಹುಡುಗ ಹೇಳಿದ್ದನ್ನು ಬಿ.ಎಡ್. ಪುಸ್ತಕದಲ್ಲಿ ನಾಲ್ಕು ಅಧ್ಯಾಯ ಮಾಡಿ ಬರೆದಿರುತ್ತಾರೆ.

ತೋಟದಮನೆ_1952:
ಉತ್ತರ ಗೊತ್ತಿಲ್ಲದ ಪ್ರಶ್ನೆ ನನ್ನ ಹತ್ತಿರ ಬೇಕಾದಷ್ಟಿವೆ. ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ಮಳೆ ಡೈರಿ ಇದೆ. ಅಂಗಳದಲ್ಲಿ ರೈನ್ ಗೇಜು, ಬೆಳಿಗ್ಗೆ ಕಾಫಿಗೆ ಮೊದಲು ಗ್ಲಾಸಿಗೆ ಸುರಿದು ನೋಡುವುದು, ಇಂಚು ಸೆಂಟಿನಲ್ಲಿ ಬರೆಯುವುದು. ನೂರು ಸೆಂಟಿಗೆ ಒಂದು ಇಂಚು. ಕೊಡಗಿನ ಹಳೆ ತೋಟದ ಮನೆಗಳಲ್ಲಿ ಇಂಥ ಡೈರಿ ಇಲ್ಲದ ಮನೆ ಕಡಿಮೆ. ಫೋನಿನಲ್ಲಿ ಮಾತು ಶುರುವಾಗುವುದೇ "ನಿಮ್ಮಲ್ಲಿ ಎಷ್ಟು ಬಿತ್ತು" ಅಂತ.

ಕಾಫಿ ಹೂ ಅರಳಿಸುವ ಹೂಮಳೆ ಮೊದಲಿಗಿಂತ ಬೇಗ ಬರುತ್ತಿದೆಯಾ? ಜುಲೈನಲ್ಲಿ ಬೀಳುವ ಮಳೆ ಆಗಸ್ಟಿಗೆ ಜಾರಿದೆಯಾ? ನಾವು ಮುದುಕರು ಹೌದು ಅನ್ನುತ್ತೇವೆ. ಕೂತು ಲೆಕ್ಕ ಹಾಕಿದವರು ಯಾರೂ ಇಲ್ಲ. ಇಪ್ಪತ್ತು ಮನೆಯ ಡೈರಿ ಸೇರಿಸಿ ಕಂಪ್ಯೂಟರಿಗೆ ಹಾಕಿದರೆ ಗೊತ್ತಾಗುವುದಿಲ್ಲವೇ? ಆ ಕೆಲಸ ಮಕ್ಕಳು ಮಾಡಲಿ.

ಗಣಿತ_ಟೀಚರ್_ಸೋಮವಾರಪೇಟೆ:
ಸರ್!! ಇದನ್ನೇ ನಾನು ಸಣ್ಣದಾಗಿ ಮಾಡುತ್ತಿದ್ದೇನೆ. ನಮ್ಮಲ್ಲಿ ಡೈರಿ ಇಲ್ಲ, ಪ್ಲಾಸ್ಟಿಕ್ ಬಾಟಲಿ ಇದೆ.

ಎರಡು ಲೀಟರಿನ ಬಾಟಲಿಯ ಮೇಲಿನ ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯ ಹಾಗೆ ಕೂರಿಸಿದೆವು. ಬಾಟಲಿಯ ತಳ ಉಬ್ಬುತಗ್ಗು, ಹಾಗಾಗಿ ಕಲ್ಲು ಹಾಕಿ, ನೇರ ಗೋಡೆ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿಗೆ ಸೊನ್ನೆ ಗೆರೆ. ಬದಿಗೆ ಸ್ಕೇಲ್ ಅಂಟಿಸಿದ್ದು. ಏಳನೇ ಕ್ಲಾಸಿನ ಒಬ್ಬ ಕೇಳಿದ: "ಮಿಸ್, ಬಾಟಲಿ ದಪ್ಪ ಇದ್ದರೆ ಜಾಸ್ತಿ ಮಳೆ ಬೀಳುತ್ತಲ್ವಾ?" ನಾನು ಉತ್ತರ ಹೇಳಲಿಲ್ಲ. ಒಂದು ದಪ್ಪ ಡಬ್ಬ, ಒಂದು ಸಣ್ಣ ಡಬ್ಬ ಅಕ್ಕಪಕ್ಕ ಇಟ್ಟರು. ಮರುದಿನ ನೋಡಿದರೆ ಎರಡರಲ್ಲೂ ನೀರಿನ ಎತ್ತರ ಒಂದೇ. ಆ ಹುಡುಗ ಮಧ್ಯಾಹ್ನದ ಊಟದ ಸಾಲಿನಲ್ಲಿ ನಿಂತು ಅದನ್ನೇ ಎಲ್ಲರಿಗೂ ವಿವರಿಸುತ್ತಿದ್ದ. ಅಗಲದ ಬಾಯಿಗೆ ನೀರು ಜಾಸ್ತಿ ಬೀಳುತ್ತದೆ, ಆದರೆ ಹರಡಿಕೊಳ್ಳಲು ಜಾಗವೂ ಜಾಸ್ತಿ ಅಂತ. ವಿಸ್ತೀರ್ಣ, ಘನಫಲ ಪಾಠ ಅರ್ಧ ಅಲ್ಲೇ ಮುಗಿಯಿತು.

ಆಮೇಲೆ ಶಾಲೆ ಚಾವಣಿ ಅಳೆದರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ನೂರು ಚದರ ಮೀಟರ್ ಚಾವಣಿಗೆ 100 ಮಿ.ಮೀ. ಬಿದ್ದರೆ 10,000 ಲೀಟರ್. "ಹಾಗಿದ್ದರೆ ಮಾರ್ಚ್‌ನಲ್ಲಿ ನಮ್ಮ ಶಾಲೆಯ ಟಾಯ್ಲೆಟ್‌ಗೆ ನೀರು ಯಾಕಿಲ್ಲ?" ಅಂತ ಒಬ್ಬಳು ಕೇಳಿದಳು. ಅದನ್ನು ಪತ್ರ ಮಾಡಿ ಪಂಚಾಯಿತಿಗೆ ಬರೆಸಿದೆ. ಕನ್ನಡ ಪಾಠದ ಪತ್ರಲೇಖನವೂ ಆಯಿತು.

ಇಷ್ಟಾದ ಮೇಲೆ ಫೋನ್ ಬಂತು. ನನ್ನದೇ ಫೋನಿನಲ್ಲಿ ಸ್ಪ್ರೆಡ್‌ಶೀಟ್. ದಿನಾ ಒಂದು ಮಗು ಅಂಕಿ ಹಾಕುತ್ತದೆ, ಗ್ರಾಫ್ ತಾನೇ ಬೆಳೆಯುತ್ತದೆ. ಅದರಲ್ಲಿ ತಪ್ಪು ಅಂಕಿ ಹಾಕಿದರೆ ಉಳಿದ ಮಕ್ಕಳು ಬಿಡುವುದಿಲ್ಲ.

ಕಿತ್ತಳೆಸೀಮೆ:
ಟೀಚರ್, ಇದನ್ನು ಓದಿ ಮಗಳಿಗೆ ತೋರಿಸಿದೆ. "ನಮ್ಮ ಸ್ಕೂಲಲ್ಲಿ ಮಳೆ ಬಂದರೆ ಹೊರಗೆ ಬಿಡಲ್ಲ" ಅಂದಳು.

ಮಾರ್ಕ್ಸ್_ಮುಖ್ಯ:
ಎಲ್ಲ ಚೆನ್ನಾಗಿದೆ. ಮಳೆ ಅಳೆದರೆ ಎಸ್ಸೆಸ್ಸೆಲ್ಸಿ ಪಾಸಾಗುತ್ತಾರಾ? ಬಡವರ ಮಕ್ಕಳಿಗೆ ಇರುವುದು ಒಂದೇ ಏಣಿ, ಅದು ಮಾರ್ಕ್ಸ್. ಶ್ರೀಮಂತರ ಮಕ್ಕಳು ಬಾಟಲಿ ಕತ್ತರಿಸಿಕೊಂಡು ಆಟ ಆಡಲಿ, ಅಪ್ಪನ ತೋಟ ಇದೆ. ಲೈನ್ ಮನೆ ಮಗುವಿಗೆ ಏನಿದೆ? ಖಾರ ಅನಿಸಿದರೂ ಹೇಳುತ್ತೇನೆ.

ಗಣಿತ_ಟೀಚರ್_ಸೋಮವಾರಪೇಟೆ:
ಖಾರ ಇಲ್ಲ, ನ್ಯಾಯವಾದ ಪ್ರಶ್ನೆ. ಹತ್ತನೇ ಕ್ಲಾಸಿನ ಗಣಿತದಲ್ಲಿ ಸಂಖ್ಯಾಶಾಸ್ತ್ರ ಅಂತ ಒಂದು ಅಧ್ಯಾಯವೇ ಇದೆ: ಸರಾಸರಿ, ಮಧ್ಯಾಂಕ, ಬಹುಲಕ. ಪುಸ್ತಕದ ಲೆಕ್ಕದಲ್ಲಿ ಯಾವುದೋ ಫ್ಯಾಕ್ಟರಿ, ಯಾವುದೋ ಆಸ್ಪತ್ರೆ. ಮಳೆ ಪಟ್ಟಿ ಹಿಡಿದು "ಜುಲೈನ ಸರಾಸರಿ ಇಷ್ಟು ದೊಡ್ಡದಾಗಿದೆ, ಮಧ್ಯಾಂಕ ಇಷ್ಟು ಸಣ್ಣದು, ಯಾಕೆ?" ಅಂತ ಕೇಳಿದರೆ ಮಗು ಹೇಳುತ್ತದೆ: "ಮಿಸ್, ಆ ಎರಡು ದಿನ ಸಿಕ್ಕಾಪಟ್ಟೆ ಹೊಡೆಯಿತಲ್ಲ, ಅದಕ್ಕೆ." ಅಷ್ಟು ಅರ್ಥವಾದ ಮಗುವಿಗೆ ಪರೀಕ್ಷೆಯ ಲೆಕ್ಕ ಕಷ್ಟ ಅಲ್ಲ. ಆದರೆ ಸೂತ್ರ ಬಾಯಿಪಾಠ, ಹಳೆ ಪ್ರಶ್ನೆಪತ್ರಿಕೆ ನಾನೂ ಮಾಡಿಸುತ್ತೇನೆ. ಅದನ್ನು ಬಿಟ್ಟಿಲ್ಲ.

ಮಾರ್ಕ್ಸ್_ಮುಖ್ಯ:
ಕೊನೆ ಸಾಲು ಬರೆದಿದ್ದಕ್ಕೆ ಥ್ಯಾಂಕ್ಸ್. ಅದನ್ನು ಯಾರೂ ಬರೆಯುವುದಿಲ್ಲ.

ಚೆರಿ_ಪಾರ್ಚ್‌ಮೆಂಟ್:
ಶೇಕಡಾವಾರು ಕಲಿಸಲು ಕಾಫಿ ಔಟ್‌ಟರ್ನ್‌ಗಿಂತ (ಓಟಿ, ಅಂದರೆ ಒಂದು ಚೀಲ ಒಣ ಕಾಯಿಗೆ ಎಷ್ಟು ಬೇಳೆ ಬಂತು ಅನ್ನುವ ಲೆಕ್ಕ) ಒಳ್ಳೆಯ ಪಾಠ ಇಲ್ಲ. 50 ಕೆ.ಜಿ. ರೊಬಸ್ಟಾ ಚೆರಿ (ಒಣ ಕಾಯಿ) ಚೀಲ ಸಿಪ್ಪೆ ಬಿಡಿಸುವ ಹಲ್ಲರ್‌ಗೆ ಹಾಕಿದರೆ 26 ಕೆ.ಜಿ. ಬೇಳೆ ಬಂತು ಅಂದುಕೊಳ್ಳಿ. ಓಟಿ 26, ಅಂದರೆ ಶೇ. 52. ಪಾಯಿಂಟಿಗೆ, ಅಂದರೆ ಓಟಿಯ ಒಂದೊಂದು ಕೆ.ಜಿ.ಗೆ, 300 ರೂಪಾಯಿ ಅಂತ ಇಟ್ಟುಕೊಂಡರೆ ಚೀಲಕ್ಕೆ 7,800. ಅದೇ 28 ಬಂದರೆ 8,400. ನನ್ನ ಮಗ ಎಂಟನೇ ಕ್ಲಾಸು, ಗಣಿತದಲ್ಲಿ ಅಷ್ಟಕ್ಕಷ್ಟೆ. ಆದರೆ ವ್ಯಾಪಾರಿ ಎದುರು ನಿಂತು ಇದನ್ನು ಬಾಯಲ್ಲೇ ಹೇಳುತ್ತಾನೆ. ಶಾಲೆಯಲ್ಲಿ ಶೇಕಡಾ ಲೆಕ್ಕಕ್ಕೆ ಸೊನ್ನೆ. ಇದು ಹೇಗೆ ಸಾಧ್ಯ ಟೀಚರ್?

ತೋಟದಮನೆ_1952:
ತೇವಾಂಶ ನೋಡದೆ ಓಟಿ ಹೇಳಬೇಡಿ.

ಚೆರಿ_ಪಾರ್ಚ್‌ಮೆಂಟ್:
ಅಯ್ಯೋ ಮಾವ, ಇಲ್ಲಿಯೂ ಬಂದಿರಾ 😄 ಸರಿ, ಚೆನ್ನಾಗಿ ಒಣಗಿದ ಚೆರಿ.

ಗೋಣಿಕೊಪ್ಪ_ಲೆಕ್ಚರರ್:
ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ನೀವೆಲ್ಲ ಬೋರ್ಡ್, ಬಾಟಲಿ ಅಂತಿದ್ದೀರಿ. ನಮಗೆ ಬಂದಿರುವ ತಲೆನೋವು ಎಐ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮನೆಗೆಲಸದ ಪ್ರಬಂಧ ಅನ್ನುವುದು ಸತ್ತೇ ಹೋಯಿತು. ಹೋದ ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಸಮಯಕ್ಕೆ "ನಮ್ಮೂರ ಪುತ್ತರಿ" ಅಂತ ಬರೆಯಲು ಕೊಟ್ಟೆ. ಅರ್ಧ ತರಗತಿಯ ಪ್ರಬಂಧದಲ್ಲಿ "ಸೂರ್ಯೋದಯದ ಹೊತ್ತಿಗೆ ರೈತರು ತೆನೆ ಕೊಯ್ಯುತ್ತಾರೆ" ಅಂತಿತ್ತು! ಹುಣ್ಣಿಮೆ ರಾತ್ರಿ, ಗುಂಡು ಹಾರಿಸಿ, "ಪೊಲಿ ಪೊಲಿ ದೇವಾ" ಅಂತ ಕೂಗಿ ಕದಿರು ತೆಗೆಯುವ ಮನೆಯ ಮಕ್ಕಳೇ ಹಾಗೆ ಬರೆದು ಕೊಟ್ಟಿದ್ದರು. ಓದಿಯೂ ನೋಡಿಲ್ಲ.

ಬೈಯಲಿಲ್ಲ. ಮರುದಿನ ಎಐ ಹತ್ತಿರ ನಾನೇ ಪ್ರಬಂಧ ಬರೆಸಿ, ಪ್ರಿಂಟ್ ತೆಗೆದು ಹಂಚಿದೆ. "ಇದರಲ್ಲಿ ತಪ್ಪು ಹುಡುಕಿ. ಮನೆಯಲ್ಲಿ, ಪಕ್ಕದ ಮನೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಒಂದೊಂದು ತಪ್ಪಿಗೆ ಯಾರು ಹೇಳಿದರು ಅಂತ ಬರೆಯಬೇಕು." ಕೊಡವ ಮನೆಯ ಮಕ್ಕಳ ಹತ್ತಿರ ಉಳಿದವರು ಕೇಳಿಕೊಂಡು ಹೋದರು. ಅರೆಭಾಷೆ ಮಾತಾಡುವ ಮನೆಯ ಹುಡುಗಿಯೊಬ್ಬಳು ತಮ್ಮಲ್ಲಿ ಬೇರೆ ಕ್ರಮ ಇದೆ ಅಂತ ಎರಡು ಪುಟ ಬರೆದು ತಂದಳು. ಕೆಂಪು ಪೆನ್ನು ಮಕ್ಕಳ ಕೈಗೆ ಹೋದ ಮೇಲೆ ಓದು ಅನ್ನುವುದು ಶುರುವಾಯಿತು.

ಕೋಡ್_ಕುಶಾಲನಗರ:
ಇದು ಸೂಪರ್ ಸರ್. ನಮ್ಮ ಕಂಪನಿಯಲ್ಲಿ ಈಗ ನನ್ನ ಕೆಲಸವೂ ಅದೇ, ಎಐ ಬರೆದ ಕೋಡ್‌ನಲ್ಲಿ ತಪ್ಪು ಹುಡುಕುವುದು.

ಹಾಕಿಸ್ಟಿಕ್:
ಸರ್ ನಾನು ಆ ಅರ್ಧ ತರಗತಿಯಲ್ಲಿ ಇದ್ದೆನಾ ಇಲ್ಲವಾ ಅಂತ ಹೇಳಲ್ಲ 🤐

ಗೋಣಿಕೊಪ್ಪ_ಲೆಕ್ಚರರ್:
ಸೋಮವಾರ ಸ್ಟಾಫ್ ರೂಮಿಗೆ ಬಾ.

ಹಾಡಿ_ಶಾಲೆ:
ನಾಗರಹೊಳೆ ಅಂಚಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮಕ್ಕಳು ಜೇನುಕುರುಬ, ಯರವ ಮಕ್ಕಳು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ. ಇವರನ್ನು "ಕಲಿಕೆಯಲ್ಲಿ ಹಿಂದೆ" ಅಂತ ಬರೆದು ಫೈಲ್ ಮುಚ್ಚುವುದು ಬಹಳ ಸುಲಭ.

ಒಂದು ದಿನ ಪಾಠದಲ್ಲಿ ಜೇನುನೊಣ ಬಂತು. ಪುಸ್ತಕದಲ್ಲಿ ಎರಡು ಸಾಲು. ಮಕ್ಕಳು ಶುರು ಮಾಡಿದರು ನೋಡಿ: ಹೆಜ್ಜೇನು ಎಲ್ಲಿ ಕಟ್ಟುತ್ತದೆ, ತುಡುವೆ ಯಾವ ಪೊಟರೆಯಲ್ಲಿ, ಕೋಲುಜೇನು ಪೊದೆಯ ಕಡ್ಡಿಗೆ ಹೇಗೆ ಜೋತುಬಿದ್ದಿರುತ್ತದೆ, ಮುಜಂಟಿಯ ಬಾಗಿಲು ಹೇಗೆ ಮೇಣದ ಕೊಳವೆಯ ಹಾಗೆ ಹೊರಗೆ ಬಂದಿರುತ್ತದೆ. ಶಾಲೆಗೆ ಬಂದಾಗಿನಿಂದ ಬಾಯಿಬಿಡದ ಹುಡುಗನೊಬ್ಬ ಎದ್ದು ನಿಂತು ಬೋರ್ಡಿನಲ್ಲಿ ನಾಲ್ಕು ಗೂಡು ಬಿಡಿಸಿದ. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅವನ ಮಾತು ಅವನಿಗೇ ಕೇಳಿಸಿದಾಗ ನಾಚಿಕೊಂಡು ಮೇಜಿನ ಕೆಳಗೆ ಹೋದ, ಆಮೇಲೆ ಇನ್ನೊಂದು ಸಲ ಹಾಕಿ ಅಂದ. ಈಗ ಒಬ್ಬರು ಅವರ ಭಾಷೆಯಲ್ಲಿ ಹೇಳುತ್ತಾರೆ, ಒಬ್ಬರು ಕನ್ನಡದಲ್ಲಿ ಬರೆಯುತ್ತಾರೆ, ಚಿತ್ರ ಇನ್ನೊಬ್ಬರದು. ಇಂಟರ್‌ನೆಟ್ ಬೇಕಾಗಿಲ್ಲ, ರೆಕಾರ್ಡರ್ ಸಾಕು.

ಸ್ಮಾರ್ಟ್ ಬೋರ್ಡ್ ನಮಗೂ ಯಾರೋ ಕೊಡುತ್ತೇವೆ ಅಂದರು. ಮೊದಲು ಮಕ್ಕಳಿಗೆ ರೈನ್‌ಕೋಟ್ ಕೊಡಿ ಅಂದೆ. ಜೂನ್, ಜುಲೈಯಲ್ಲಿ ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಕೂತ ಮಗುವಿಗೆ ಯಾವ ವಿಡಿಯೋ ಹಾಕಿದರೂ ಒಂದೇ.

ಸಿದ್ದಾಪುರದ_ಅಮ್ಮ:
ರೈನ್‌ಕೋಟ್ ಮಾತು ನೂರಕ್ಕೆ ನೂರು ಸತ್ಯ.

ಹಕ್ಕಿಪಿಕ್ಕಿ_ಅಲ್ಲ_ಹಕ್ಕಿಪ್ರಿಯ:
ಮರ್ಲಿನ್ ಅಂತ ಒಂದು ಆ್ಯಪ್ ಇದೆ, ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯವರದು. ಹಕ್ಕಿ ಕೂಗು ಕೇಳಿಸಿದರೆ ಹೆಸರು ಹೇಳುತ್ತದೆ. ಒಂದು ಸಲ ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಮಕ್ಕಳ ಕೈಗೆ ಕೊಟ್ಟು ನೋಡಿ. ಹಾಗೆಯೇ ವಿಜ್ಞಾನಕ್ಕೆ ಫೆಟ್ ಸಿಮ್ಯುಲೇಷನ್‌ಗಳು, ಕೊಲರಾಡೋ ಯೂನಿವರ್ಸಿಟಿಯವರು ಮಾಡಿದ್ದು, ಉಚಿತ, ಕನ್ನಡದಲ್ಲೂ ಇವೆ. ವೈರು, ಬಲ್ಬು, ಬ್ಯಾಟರಿ ಎಲ್ಲ ಪರದೆ ಮೇಲೆ ಮಕ್ಕಳೇ ಜೋಡಿಸಬಹುದು. ಸರ್ಕಾರದ ದೀಕ್ಷಾ ಆ್ಯಪಿನ ಪಾಠಗಳನ್ನೂ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು. ನೆಟ್ ಇಲ್ಲ ಅಂತ ಕೈಚೆಲ್ಲಿ ಕೂರಬೇಕಾಗಿಲ್ಲ.

ಹಾಡಿ_ಶಾಲೆ:
ನಮ್ಮ ಮಕ್ಕಳು ಆ ಆ್ಯಪ್‌ಗೇ ಪರೀಕ್ಷೆ ಇಟ್ಟರು. ಬಾಯಲ್ಲಿ ಹಕ್ಕಿ ಕೂಗು ಕೂಗಿ ಅದನ್ನು ಮೋಸ ಮಾಡಲು ನೋಡಿದರು. ಗದ್ದಲವೋ ಗದ್ದಲ.

ಮೂರ್ನಾಡು_ಪೋಷಕ:
ಎಲ್ಲಿಗೆ ಬಂದಿದೆ ಪ್ರಪಂಚ. ಸ್ವೀಡನ್ ದೇಶದಲ್ಲಿ ಟ್ಯಾಬ್ ಕೊಟ್ಟವರೇ 2023ರಲ್ಲಿ ಮತ್ತೆ ಪುಸ್ತಕ, ಕೈಬರಹ ಅಂತ ಹೊರಟರು. ಆಸ್ಟ್ರೇಲಿಯಾದಲ್ಲಿ ಹದಿನಾರು ವರ್ಷದೊಳಗಿನವರಿಗೆ ಸೋಶಿಯಲ್ ಮೀಡಿಯಾ ಬಂದ್. ನಾವು ಮಾತ್ರ ಈಗ ಬೋರ್ಡ್ ಹಾಕಿಸಲು ಚಂದಾ ಎತ್ತುತ್ತಿದ್ದೇವೆ.

ಕೋಡ್_ಕುಶಾಲನಗರ:
ಸ್ವೀಡನ್‌ನವರು ಎಲ್ಲ ಮಕ್ಕಳಿಗೂ ಕೊಟ್ಟು, ನೋಡಿ, ಸಾಕು ಅಂದರು. ನಮ್ಮ ಮಕ್ಕಳಿಗೆ ಕೀಬೋರ್ಡ್ ಎಲ್ಲಿದೆ ಅಂತಲೇ ಗೊತ್ತಿಲ್ಲ. ಹೊಟ್ಟೆ ತುಂಬಿದವನ ಉಪವಾಸ ನೋಡಿ ಹಸಿದವನಿಗೆ ಊಟ ಬೇಡ ಅನ್ನಬಾರದು.

ನಿವೃತ್ತ_ಹೆಡ್‌ಮಾಸ್ಟರ್:
ಹೊರದೇಶ ಬಿಡಿ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಎಲ್ಲಿ ಶುರುವಾಗಿದ್ದು ಅಂತ ಎಷ್ಟು ಜನಕ್ಕೆ ಗೊತ್ತು? ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದ ಸರ್ಕಾರಿ ಶಾಲೆ ಮೇಷ್ಟ್ರುಗಳೇ ಕಾರ್ಡು ತಯಾರಿಸಿದ್ದು. ಮಗು ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತಬೇಕು, ಮೇಷ್ಟ್ರು ಮಕ್ಕಳ ಜೊತೆ ನೆಲದ ಮೇಲೆ ಕೂರಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅದಾಗಿದೆ.

ಮಾರ್ಕ್ಸ್_ಮುಖ್ಯ:
ಅದೇ ನಲಿಕಲಿಯಿಂದ ನಾಲ್ಕನೇ ಕ್ಲಾಸಿಗೆ ಬಂದ ಮಕ್ಕಳಿಗೆ ಓದಲು ಬರಲ್ಲ ಅಂತ ಟೀಚರ್‌ಗಳೇ ಹೇಳಿದ್ದನ್ನು ಕೇಳಿದ್ದೇನೆ.

ನಿವೃತ್ತ_ಹೆಡ್‌ಮಾಸ್ಟರ್:
ಶಾಲೆಗೆ ಒಬ್ಬರೇ ಮೇಷ್ಟ್ರು, ಅವರಿಗೆ ಮೂರು ತರಗತಿ, ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ, ಆನ್‌ಲೈನ್ ಎಂಟ್ರಿ, ಫೋಟೋ ಅಪ್‌ಲೋಡ್. ಕಾರ್ಡು ಬೀರುವಿನಲ್ಲೇ ಇರುತ್ತದೆ. ಪದ್ಧತಿಯ ತಪ್ಪು ಅಂತ ನೀವು ಹೇಳುತ್ತೀರಿ.

ಗಣಿತ_ಟೀಚರ್_ಸೋಮವಾರಪೇಟೆ:
ಡಿಜಿಟಲ್ ಯುಗ ಅಂದರೆ ಟೀಚರ್‌ಗೆ ಇದೇ ಸರ್. ಪಾಠದ ಫೋಟೋ ಹಾಕಿ ಆಗಬೇಕು, ಪಾಠ ಆಮೇಲೆ.

ಹಾಕಿಸ್ಟಿಕ್:
ಲೆಕ್ಕದ ಮಾತು ಬಂತು ಅಂತ ಒಂದು ಪ್ರಶ್ನೆ. 2024ರಲ್ಲಿ ನಾಪೋಕ್ಲಿನ ಕೊಡವ ಹಾಕಿ ನಮ್ಮೆಗೆ (ಕೊಡವ ಕುಟುಂಬಗಳ ಹಾಕಿ ಹಬ್ಬ) 360 ಟೀಮ್. ಎಲ್ಲ ನಾಕೌಟ್ ಆದರೆ ಒಟ್ಟು ಎಷ್ಟು ಮ್ಯಾಚ್? ಗೂಗಲ್ ಮಾಡಬಾರದು.

ಸಿದ್ದಾಪುರದ_ಅಮ್ಮ:
180, ಆಮೇಲೆ 90, 45... 45ರಲ್ಲಿ ಒಂದು ಟೀಮ್ ಉಳಿಯುತ್ತಲ್ಲ? ತಲೆ ಕೆಟ್ಟಿತು.

ಚೆರಿ_ಪಾರ್ಚ್‌ಮೆಂಟ್:
359. ಒಂದು ಮ್ಯಾಚಿಗೆ ಒಂದು ಟೀಮ್ ಮನೆಗೆ. 359 ಟೀಮ್ ಮನೆಗೆ ಹೋಗಬೇಕು, ಕಪ್ ಒಬ್ಬರಿಗೆ.

ಹಾಕಿಸ್ಟಿಕ್:
ಅಂಕಲ್ 🔥 ನಮ್ಮ ಕ್ಲಾಸಲ್ಲಿ ಯಾರೂ ಹೇಳಲಿಲ್ಲ

ಮೂರ್ನಾಡು_ಪೋಷಕ:
ಹಾಕಿ ನಮ್ಮೆ ಶುರುವಾಗಿ ಮೂವತ್ತು ವರ್ಷ ದಾಟಿತಲ್ವಾ?

ತೋಟದಮನೆ_1952:
1997, ಕರಡದಲ್ಲಿ ಮೊದಲನೆಯದು. ಕೂಡಿಸಿ ನೋಡಿಕೊಳ್ಳಿ.

ಅಡ್ಮಿನ್:
ಹಾಕಿಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಶಾಲೆ ವಿಷಯ.

ಹಾಕಿಸ್ಟಿಕ್:
ಇದು ಶಾಲೆ ವಿಷಯವೇ ಅಡ್ಮಿನ್ ಅಣ್ಣ, ಗಣಿತ ಪಾಠ 🙏

ಮಕ್ಕಂದೂರು_ಕಡೆಯವಳು:
ತೋಟದಮನೆ ಸರ್, ನಿಮ್ಮ ಡೈರಿಯಲ್ಲಿ 2018ರ ಆಗಸ್ಟ್ ಪುಟ ಇದೆಯಾ? ಆ ವರ್ಷ ನಾನು ಒಂಬತ್ತನೇ ಕ್ಲಾಸು. ಗುಡ್ಡ ಜರಿದು ನಮ್ಮ ತೋಟ ಹೋಯಿತು, ಮನೆ ಬಿರುಕು ಬಿಟ್ಟಿತು. ಪರಿಹಾರ ಕೇಂದ್ರದಲ್ಲಿದ್ದೆವು. ಆಮೇಲೆ ಶಾಲೆಗೆ ಹೋದಾಗ ಭೂಗೋಳ ಪುಸ್ತಕದಲ್ಲಿ ಭೂಕುಸಿತ ಅಂತ ಪಾಠ ಇತ್ತು. ಟೀಚರ್ ಓದಿಕೊಂಡು ಹೋದರು. ನಮ್ಮನ್ನು ಏನೂ ಕೇಳಲಿಲ್ಲ. ನೋವಾಗುತ್ತದೆ ಅಂತ ಕೇಳದೆ ಇದ್ದಿರಬಹುದು. ಆದರೆ ನಮ್ಮ ತರಗತಿಯಲ್ಲಿ ಆರೇಳು ಮಂದಿ ಅದನ್ನು ಕಣ್ಣಾರೆ ಕಂಡಿದ್ದೆವು. ಮೊದಲ ದಿನ ಗುಡ್ಡದಲ್ಲಿ ಸೀಳು ಬಂದಿದ್ದು, ಬಾವಿ ನೀರು ಕೆಂಪಾಗಿದ್ದು ಎಲ್ಲ ನಮಗೆ ಗೊತ್ತಿತ್ತು.

ತೋಟದಮನೆ_1952:
ಇದೆ ಮಗಳೇ. ಆ ವಾರದ ಪುಟದಲ್ಲಿ ಎರಡು ದಿನ ಅಂಕಿ ಇಲ್ಲ. ಗೇಜು ತುಂಬಿ ಹೊರಗೆ ಚೆಲ್ಲಿತ್ತು, ಅಷ್ಟೇ ಬರೆದಿದ್ದೇನೆ. ಫೋಟೋ ತೆಗೆದು ಕಳಿಸುತ್ತೇನೆ.

ಗಣಿತ_ಟೀಚರ್_ಸೋಮವಾರಪೇಟೆ:
ಸರ್, ನನಗೂ ಕಳಿಸಿ. ಆ ಖಾಲಿ ಜಾಗವನ್ನು ಗ್ರಾಫಿನಲ್ಲಿ ಹೇಗೆ ತೋರಿಸಬೇಕು ಅಂತ ಮಕ್ಕಳನ್ನೇ ಕೇಳುತ್ತೇನೆ. ಮಕ್ಕಂದೂರಿನ ತಂಗಿ, ನಿಮಗೆ ಒಪ್ಪಿಗೆ ಇದ್ದರೆ ಒಂದು ದಿನ ನಮ್ಮ ಶಾಲೆಗೆ ಬನ್ನಿ. ಸೀಳು ಹೇಗಿತ್ತು, ನೀರು ಹೇಗಿತ್ತು ಅಂತ ಮಕ್ಕಳಿಗೆ ನೀವೇ ಹೇಳಬೇಕು.

ಮಕ್ಕಂದೂರು_ಕಡೆಯವಳು:
ಬರುತ್ತೇನೆ ಟೀಚರ್. ಶನಿವಾರ ಆದರೆ ಅನುಕೂಲ.

ಕಿತ್ತಳೆಸೀಮೆ:
ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಘದ ಮೀಟಿಂಗ್ ಆಯಿತು. ಪ್ರಿಂಟ್ ತೆಗೆದು ಓದಿ ಹೇಳಿದೆ. ಎರಡು ಲ್ಯಾಪ್‌ಟಾಪ್, ಒಂದು ಇನ್ವರ್ಟರ್, ಒಂದು ಒಳ್ಳೆಯ ಸ್ಪೀಕರ್, ಎಲ್ಲ ಮಕ್ಕಳಿಗೂ ರೈನ್‌ಕೋಟ್, ಉಳಿದ ದುಡ್ಡು ಮೂರು ವರ್ಷದ ರಿಪೇರಿಗೆ ಬ್ಯಾಂಕಿನಲ್ಲಿ. ಇದು ನನ್ನ ಪಟ್ಟಿ. ಮೇಷ್ಟ್ರಿಗೆ ಬಹಳ ಖುಷಿ. ಸೆಕ್ರೆಟರಿಗೆ ಖುಷಿ ಇಲ್ಲ. "ಬೋರ್ಡ್ ಆದರೆ ಅದರ ಮೇಲೆ ದಾನಿಗಳ ಹೆಸರು ಹಾಕಿಸಬಹುದು, ರೈನ್‌ಕೋಟ್ ಮೇಲೆ ಎಲ್ಲಿ ಹಾಕಿಸುತ್ತೀರಿ" ಅಂತ ನೇರವಾಗಿಯೇ ಕೇಳಿದರು. ಇನ್ನೂ ತೀರ್ಮಾನ ಆಗಿಲ್ಲ.

ಚೆರಿ_ಪಾರ್ಚ್‌ಮೆಂಟ್:
ರೈನ್‌ಕೋಟಿನ ಬೆನ್ನ ಮೇಲೆ ದೊಡ್ಡದಾಗಿ ಹಾಕಿಸಿ. ಊರೆಲ್ಲ ಓಡಾಡುತ್ತದೆ ಹೆಸರು.

ಕೋಡ್_ಕುಶಾಲನಗರ:
ಅಣ್ಣ, ಲ್ಯಾಪ್‌ಟಾಪ್ ಬಗ್ಗೆ ಒಂದು ಮಾತು. ನಮ್ಮ ಆಫೀಸಿನಲ್ಲಿ ಮೂರು ನಾಲ್ಕು ವರ್ಷ ಬಳಸಿದ್ದನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಕೇಳಿ ನೋಡುತ್ತೇನೆ. ಲಿನಕ್ಸ್ ಹಾಕಿ, ಕನ್ನಡ ಟೈಪಿಂಗ್, ಫೆಟ್, ಕೀವಿಕ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಇಡೀ ಕನ್ನಡ ವಿಕಿಪೀಡಿಯ ಎಲ್ಲ ನೆಟ್ ಇಲ್ಲದೆ ನಡೆಯುವ ಹಾಗೆ ಮಾಡಿಕೊಡುತ್ತೇನೆ. ಊರಿಗೆ ಬಂದಾಗ ಒಂದು ಶನಿವಾರ ಮಕ್ಕಳ ಜೊತೆ ಕೂರುತ್ತೇನೆ. ಬೋರ್ಡ್ ಬೇಕು ಅಂತ ಈಗಲೂ ನನ್ನ ಅಭಿಪ್ರಾಯ, ಅದು ಬೇರೆ ವಿಷಯ.

ಮಾರ್ಕ್ಸ್_ಮುಖ್ಯ:
ಎಂಟನೇ ಕ್ಲಾಸಿಗೆ ಹಳೆ ಪ್ರಶ್ನೆಪತ್ರಿಕೆಗಳನ್ನೂ ಅದರಲ್ಲಿ ಹಾಕಿಡಿ. ಮರೆಯಬೇಡಿ.

ಸಿದ್ದಾಪುರದ_ಅಮ್ಮ:
ಟೀಚರ್, ನಿಮ್ಮ ಬಾಟಲಿ ಗೇಜು ನಾವೂ ಮನೆಯಲ್ಲಿ ಮಾಡಿದೆವು. ಮಗ ಬೆಳಿಗ್ಗೆ ಎದ್ದವನೇ ಓಡಿದ. ನೋಡಿದರೆ ಮಂಗ ಬಾಟಲಿ ಎತ್ತಿಕೊಂಡು ಶೀಟಿನ ಮೇಲೆ ಕೂತಿದೆ. ಇದಕ್ಕೇನು ಉಪಾಯ?

ಗಣಿತ_ಟೀಚರ್_ಸೋಮವಾರಪೇಟೆ:
ಅಕ್ಕ, ಒಂದು ಹಳೆ ಪೈಂಟ್ ಡಬ್ಬಕ್ಕೆ ಮರಳು ತುಂಬಿ ಬಾಟಲಿಯನ್ನು ಅರ್ಧ ಹೂತಿಡಿ. ಆಮೇಲೆ ತಂತಿಯಿಂದ ಬೇಲಿಯ ಕಂಬಕ್ಕೆ ಬಿಗಿಯಿರಿ. ಬಾಟಲಿಯ ಬಾಯಿ ಕಂಬಕ್ಕಿಂತ ಮೇಲೆ ಇರಲಿ. ಮರದ ಕೆಳಗೆ ಬೇಡ, ಚಾವಣಿ ಅಂಚಿಗೂ ಬೇಡ, ಅಲ್ಲಿ ಮಳೆಯ ಜೊತೆ ತೊಟ್ಟಿಕ್ಕಿದ ನೀರೂ ಸೇರುತ್ತದೆ. ದಿನಾ ಒಂದೇ ಹೊತ್ತಿಗೆ ನೋಡಬೇಕು, ಎಂಟೂವರೆಗೆ ನೋಡಿದರೆ ಒಳ್ಳೆಯದು. ಪಂಚಾಯಿತಿ ಕಡೆ ಸರ್ಕಾರದ ಮಳೆಮಾಪಕ ಇರುತ್ತದೆ, ತಿಂಗಳ ಕೊನೆಗೆ ಅದರ ಅಂಕಿ ಜೊತೆ ಹೋಲಿಸಿ ನೋಡಲಿ. ವ್ಯತ್ಯಾಸ ಬಂದೇ ಬರುತ್ತದೆ. ಯಾಕೆ ಅಂತ ಮಗನೇ ಹೇಳಲಿ, ನೀವು ಹೇಳಿಕೊಡಬೇಡಿ.